ಸೋಮವಾರ ಹಳದಿ ಅಂಗಿ, ಶನಿವಾರ ಬಸ್ಸು

ಥಾಯ್ಲೆಂಡಿನಲ್ಲಿ ಪಾಠ ಮಾಡುತ್ತೇನೆ ಅಂದ ತಕ್ಷಣ ಊರಿನವರ ಮುಖದಲ್ಲಿ ಒಂದು ತುಂಟ ನಗು ಬರುತ್ತದೆ. ಪಟ್ಟಾಯ ಹತ್ರಾನಾ, ಫುಕೆಟ್ ಹತ್ರಾನಾ, ಭಾನುವಾರ ಬೀಚಿಗೆ ಹೋಗ್ತೀಯಲ್ವಾ ಅಂತ ಶುರು. ಸಮುದ್ರ ಇಲ್ಲಿಂದ ದೂರ. ನಾನಿರುವ ಊರಿನ ಪೂರ್ತಿ ಹೆಸರು ನಖೋನ್ ರಾಚಸೀಮಾ. ಅಷ್ಟುದ್ದ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಇದು ಕೋರಾಟ್. ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಸುಮಾರು 260 ಕಿಲೋಮೀಟರ್. ಇಸಾನ್ ಅಂತ ಕರೆಯುವ 20 ಪ್ರಾಂತ್ಯಗಳ ಹೆಬ್ಬಾಗಿಲು ಇದು. ಭತ್ತ, ಕಬ್ಬು, ಮರಗೆಣಸು ಬೆಳೆಯುವ ನಾಡು. ನಮ್ಮ ಟೂರ್ ಪ್ಯಾಕೇಜಿನವರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಊರ ಮಧ್ಯದಲ್ಲಿ ಒಬ್ಬ ಹೆಂಗಸಿನ ಪ್ರತಿಮೆ ಇದೆ. ಥಾವ್ ಸುರನಾರಿ. ಜನ ಪ್ರೀತಿಯಿಂದ ಯಾ ಮೋ ಅನ್ನುತ್ತಾರೆ, ಮೋ ಅಜ್ಜಿ ಅಂದ ಹಾಗೆ. 1826ರಲ್ಲಿ ಲಾವೋಸ್ ಕಡೆಯ ವಿಯೆಂಟಿಯಾನಿನ ಸೈನ್ಯ ಊರನ್ನು ಹಿಡಿದಾಗ ಸೆರೆಸಿಕ್ಕ ಜನರನ್ನು ಒಟ್ಟುಮಾಡಿ ತಿರುಗಿಬಿದ್ದವಳು ಅನ್ನುವುದು ಕಥೆ. ಪ್ರತಿಮೆ ನಿಲ್ಲಿಸಿದ್ದು 1934ರಲ್ಲಿ. ಹರಕೆ ಕಟ್ಟಿಕೊಂಡವರು ಕೆಲಸ ಆದ ಮೇಲೆ ಬಂದು ದುಡ್ಡು ಕೊಟ್ಟು ಕೋರಾಟ್ ಹಾಡು ಹಾಡಿಸುತ್ತಾರೆ. ಗಂಡು ಹೆಣ್ಣು ಎದುರುಬದುರು ನಿಂತು ಸವಾಲ್ ಜವಾಬ್ ಮಾಡುವ ಹಾಡು. ಪರೀಕ್ಷೆ ಹತ್ತಿರ ಬಂದಾಗ ನನ್ನ ಕ್ಲಾಸಿನ ಮಕ್ಕಳೂ ಅಲ್ಲಿ ಕೈಮುಗಿದು ಬರುತ್ತಾರೆ. ಹೋಮ್‌ವರ್ಕ್ ಮಾಡುವುದಕ್ಕಿಂತ ಅದು ಸುಲಭ, ಅಲ್ವಾ.

ಶಾಲೆಯ ದಿನ ಬೇಗ ಶುರುವಾಗುತ್ತದೆ. ಏಳೂಕಾಲಿಗೆಲ್ಲ ಬೆರಳೊತ್ತಿ ಹಾಜರಿ ಹಾಕಬೇಕು. ಎಂಟಕ್ಕೆ ಸರಿಯಾಗಿ ಬಾವುಟ ಏರುತ್ತದೆ, ರಾಷ್ಟ್ರಗೀತೆ, ಆಮೇಲೆ ಪ್ರಾರ್ಥನೆ, ಆಮೇಲೆ ಯಾರಾದರೂ ಮೈಕ್ ಹಿಡಿದು ಒಂದು ಭಾಷಣ, ಅದು ಬಿಸಿಲು ಏರಿದಷ್ಟೂ ಉದ್ದವಾಗುತ್ತದೆ. ಈ ಎಂಟರ ಗೀತೆ ಶಾಲೆಯಲ್ಲಿ ಮಾತ್ರ ಅಲ್ಲ. ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ರೈಲ್ವೆ ಸ್ಟೇಷನ್ನಿನಲ್ಲಿ, ಪಾರ್ಕಿನಲ್ಲಿ ಹಾಡು ಬರುತ್ತದೆ. ಓಡುತ್ತಿದ್ದವರು ಕೂಡ ನಿಂತುಬಿಡುತ್ತಾರೆ. ಮುಗಿದ ತಕ್ಷಣ ಬಿಟ್ಟಲ್ಲಿಂದ ಓಟ ಮುಂದುವರಿಯುತ್ತದೆ.

ಬಟ್ಟೆಯ ಟೈಮ್ ಟೇಬಲ್ ಪಾಠದ ಟೈಮ್ ಟೇಬಲ್ಲಿಗಿಂತ ಕಷ್ಟ. ಸೋಮವಾರ ಹಳದಿ, ಯಾಕೆಂದರೆ ರಾಜ ಹುಟ್ಟಿದ್ದು ಸೋಮವಾರ, ಆ ವಾರದ ಬಣ್ಣ ಹಳದಿ. ವಾರದಲ್ಲಿ ಒಂದು ದಿನ ಮಕ್ಕಳೆಲ್ಲ ಸ್ಕೌಟ್ ಸಮವಸ್ತ್ರ, ಅವತ್ತು ಥಾಯ್ ಟೀಚರುಗಳೂ ಸ್ಕೌಟ್ ಟೋಪಿ ಹಾಕಿಕೊಂಡು ಬರುತ್ತಾರೆ. ಶುಕ್ರವಾರ ನಮ್ಮ ಶಾಲೆಯಲ್ಲಿ ಕೈಮಗ್ಗದ ಥಾಯ್ ಬಟ್ಟೆ. ಆ ದಿನ ನಾನು ಮೈಸೂರು ಸಿಲ್ಕ್ ಉಟ್ಟುಕೊಂಡು ಹೋದರೂ ಯಾರೂ ಏನೂ ಅನ್ನುವುದಿಲ್ಲ. ಕಚೇರಿಯ ಹೆಂಗಸರು ಬಂದು ಸೆರಗನ್ನು ಬೆರಳ ಮಧ್ಯೆ ಉಜ್ಜಿ ನೋಡಿ ರೇಟು ಕೇಳುತ್ತಾರೆ, ಅಷ್ಟೇ.

ನಾನು ಹೇಳಿಕೊಡುವುದು ಗಣಿತ. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷ್ ಪ್ರೋಗ್ರಾಂ ಅಂತ ಒಂದು ವಿಭಾಗ ಇರುತ್ತದೆ. ಫೀಸ್ ಜಾಸ್ತಿ, ಏಸಿ ಕೋಣೆ, ಗಣಿತ ವಿಜ್ಞಾನ ಎಲ್ಲ ಇಂಗ್ಲಿಷಿನಲ್ಲಿ. ಪಕ್ಕದ ಕಟ್ಟಡದಲ್ಲಿ ಅದೇ ಶಾಲೆಯ ಉಳಿದ ಮಕ್ಕಳು ಫ್ಯಾನಿನ ಕೆಳಗೆ ನಲವತ್ತು ಜನ ಕೂತಿರುತ್ತಾರೆ. ಈ ವಿಭಾಗಗಳಿಗೆ ಫಿಲಿಪೀನ್ಸಿನವರು, ನಮ್ಮವರು ಬೇಕಾಗುತ್ತಾರೆ. ನನಗೆ ಸಿಕ್ಕಿರುವುದು ಮತ್ತಯೋಮ್ 2, ಅಂದರೆ ನಮ್ಮ ಎಂಟನೇ ಕ್ಲಾಸು. ಹಾಜರಿ ಪುಸ್ತಕದಲ್ಲಿ ಇಸವಿ 2568 ಅಂತ ಇತ್ತು. ಬುದ್ಧ ಶಕ, ನಮ್ಮ ಇಸವಿಗೆ 543 ಕೂಡಿಸಿಕೊಳ್ಳಬೇಕು.

ಮಕ್ಕಳ ನಿಜವಾದ ಹೆಸರು ಆ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಎಲ್ಲರಿಗೂ ಅಪ್ಪ ಅಮ್ಮ ಇಟ್ಟ ಒಂದು ಚಿಕ್ಕ ಹೆಸರಿದೆ, ಕರೆಯುವುದು ಅದರಲ್ಲೇ. ಬ್ಯಾಂಕ್, ಐಸ್, ಗಾಲ್ಫ್, ಮಿಂಟ್, ಬೀರ್. 'ಬೀರ್, ಬೋರ್ಡಿಗೆ ಬಾ' ಅಂತ ಗಂಭೀರವಾಗಿ ಹೇಳುವುದು ಅಭ್ಯಾಸ ಆಗಲು ಸ್ವಲ್ಪ ದಿನ ಬೇಕು. ಮನೆಗೆ ಫೋನ್ ಮಾಡಿ 'ಇವತ್ತು ಬೀರ್ ಜೊತೆ ಒಂದು ಗಂಟೆ ಕೂತು ಲೆಕ್ಕ ಮಾಡಿಸಿದೆ' ಅಂದರೆ ಅಮ್ಮ ಗಾಬರಿ.

ಎಸ್ಸೆಸ್ಸೆಲ್ಸಿ ಭಯದಲ್ಲಿ ಬೆಳೆದವರಿಗೆ ಇಲ್ಲಿನ ಒಂದು ವಿಷಯ ನುಂಗುವುದು ಕಷ್ಟ. ಯಾರೂ ನಿಜವಾಗಿ ಫೇಲ್ ಆಗುವುದಿಲ್ಲ. ಗ್ರೇಡು ಸೊನ್ನೆಯಿಂದ ನಾಲ್ಕರವರೆಗೆ. ಸೊನ್ನೆ ಬಂದರೆ ಹುಡುಗ ಬಂದು ಒಂದು ವರ್ಕ್‌ಶೀಟ್ ಮಾಡುತ್ತಾನೆ, ಅಥವಾ ಮತ್ತೊಂದು ಚಿಕ್ಕ ಪರೀಕ್ಷೆ ಬರೆಯುತ್ತಾನೆ, ಸೊನ್ನೆ ಒಂದಾಗುತ್ತದೆ, ಮುಂದಿನ ಕ್ಲಾಸಿಗೆ ಹೋಗುತ್ತಾನೆ. ಇದು ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ, ಓದುವ ಮಕ್ಕಳ ಮಟ್ಟಿಗೆ. ಆದರೆ ಒಂದು ಮಾತು ಹೇಳಲೇಬೇಕು. ಬೋರ್ಡಿನ ಮುಂದೆ ನಿಂತು ತಪ್ಪು ಉತ್ತರ ಬರೆಯಲು ಇಲ್ಲಿನ ಮಕ್ಕಳಿಗೆ ಹೆದರಿಕೆಯೇ ಇಲ್ಲ. ತಪ್ಪು ಬರೆದು, ನಕ್ಕು, ಅಳಿಸಿ, ಇನ್ನೊಂದು ತಪ್ಪು ಬರೆಯುತ್ತಾರೆ. ನಾನು ಓದಿದ ಕ್ಲಾಸಿನಲ್ಲಿ ಅಂಥ ಮಗು ಒಂದೂ ಇರಲಿಲ್ಲ.

ಸಂಬಳದ ವಿಷಯವನ್ನೂ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದೇ. ಇಲ್ಲಿ ಟೀಚರ್ ಕೆಲಸದ ಜಾಹೀರಾತುಗಳಲ್ಲಿ 'ನೇಟಿವ್ ಸ್ಪೀಕರ್' ಅಂತ ಒಂದು ಸಾಲು ಇರುತ್ತದೆ. ಅಂದರೆ ಪಾಸ್‌ಪೋರ್ಟ್ ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಇಂಥ ದೇಶಗಳದ್ದಾಗಿರಬೇಕು. ಉಳಿದವರಿಗೆ ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕು, ಸಂಬಳ ಕಡಿಮೆ. ನಾನು ಇದಕ್ಕೆ ಮೊದಲಿದ್ದ ಒಂದು ಕಡೆ, ಪಕ್ಕದ ಮೇಜಿನ ಹುಡುಗನಿಗೆ ಬಿ.ಎಡ್. ಇಲ್ಲ, ಗಣಿತವೂ ಬರುವುದಿಲ್ಲ, ಆದರೂ ನನಗಿಂತ ಹತ್ತು ಸಾವಿರ ಬಾತ್ ಜಾಸ್ತಿ. ಅವನಿಗೆ ತ್ರಿಕೋನಮಿತಿ ಹೇಳಿಕೊಡುತ್ತಿದ್ದದ್ದು ನಾನೇ. ಅವನೂ ಒಳ್ಳೆಯವನೇ, ಅವನ ಮೇಲೆ ಸಿಟ್ಟಿಲ್ಲ. ಆದರೆ ಸಿಟ್ಟು ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ.

ಟಿಕೆಟ್ ಕೌಂಟರಿನಲ್ಲಿ ಇದು ತಿರುಗಾಮುರುಗಾ ಆಗುತ್ತದೆ. ಸಂಬಳದ ದಿನ ನಾನು ಅರ್ಧ ಫಾರಿನರ್. ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಪೂರ್ತಿ ಫಾರಿನರ್. ಖಾವ್ ಯಾಯ್‌ನಲ್ಲಿ ಥಾಯ್ ಜನರಿಗೆ 40 ಬಾತ್, ವಿದೇಶಿಯರಿಗೆ 400. ಬೋರ್ಡಿನಲ್ಲಿ ನಮ್ಮ ದರ ಇಂಗ್ಲಿಷ್ ಅಂಕಿಯಲ್ಲಿ, ಅವರ ದರ ಥಾಯ್ ಅಂಕಿಯಲ್ಲಿ. ಗೊತ್ತಿಲ್ಲದವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಬಸ್ಸಿನ ನಂಬರನ್ನು ಕನ್ನಡ ಅಂಕಿಯಲ್ಲಿ ಓದಿ ಬೆಳೆದ ನನಗೆ ಥಾಯ್ ಅಂಕಿ ಕಲಿಯಲು ಒಂದು ಸಂಜೆ ಸಾಕಾಯಿತು, ಕಲಿತ ಮೇಲೆ ಸಂಕಟ ಜಾಸ್ತಿ ಆಯಿತು. ವರ್ಕ್ ಪರ್ಮಿಟ್ ತೋರಿಸಿದರೆ ಕೆಲವು ಕಡೆ ಒಪ್ಪುತ್ತಾರೆ, ಕೆಲವು ಕಡೆ ತಲೆ ಅಲ್ಲಾಡಿಸುತ್ತಾರೆ. ಕೌಂಟರಿನಲ್ಲಿ ಕೂತವರು ಯಾರು ಅನ್ನುವುದರ ಮೇಲೆ ಅದು ನಿಂತಿದೆ.

ಊಟಕ್ಕೆ ಬರೋಣ. ನಾನು ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ. ಇಲ್ಲಿ ಮೀನಿನ ಸಾಸ್ ಅನ್ನುವುದು ಉಪ್ಪಿನ ಜಾಗದಲ್ಲಿ ಕೂತಿದೆ. ಇಸಾನಿನಲ್ಲಿ ಅದರ ಮೇಲೆ ಪ್ಲಾ ರಾ ಬೇರೆ, ಹುಳಿಸಿದ ಮೀನಿನ ರಸ, ಪಪ್ಪಾಯಿ ಸಲಾಡಿಗೆ ಅದಿಲ್ಲದೆ ಆಗುವುದೇ ಇಲ್ಲ. 'ಮೀನು ಬೇಡ' ಅಂದರೆ ಮೀನಿನ ತುಂಡು ತೆಗೆದು ಕೊಡುತ್ತಾರೆ, ರಸ ಹಾಗೇ ಇರುತ್ತದೆ. ಅದಕ್ಕೆ ಇಲ್ಲಿಗೆ ಬಂದ ಸಸ್ಯಾಹಾರಿ ಮೊದಲು ಕಲಿಯಬೇಕಾದ ಪದ 'ಜೇ'. ಹಳದಿ ಬಾವುಟದ ಮೇಲೆ ಕೆಂಪಕ್ಷರ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಜೇ ಅಂಗಡಿಯಲ್ಲಿ ಮಾಂಸ ಮೀನು ಮೊಟ್ಟೆ ಹಾಲು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇರುವುದಿಲ್ಲ. ನಮ್ಮ ಮಠದ ಅಡುಗೆಯವರು ಬಂದರೂ ತಪ್ಪು ಹುಡುಕಲಾರರು. ವರ್ಷಕ್ಕೊಮ್ಮೆ, ಹೆಚ್ಚಾಗಿ ಅಕ್ಟೋಬರ್ ಹೊತ್ತಿಗೆ, ಚೀನೀ ಮೂಲದವರು ಒಂಬತ್ತು ದಿನದ ಜೇ ಹಬ್ಬ ಮಾಡುತ್ತಾರೆ. ಆಗ ಊರಿಗೆ ಊರೇ ಹಳದಿ ಬಾವುಟ, ಸೆವೆನ್ ಇಲೆವೆನ್‌ನಲ್ಲೂ ಒಂದು ಕಪಾಟು ತುಂಬ ಜೇ ಸಾಮಾನು. ಆ ಒಂಬತ್ತು ದಿನ ನನ್ನ ತೂಕ ಏರುತ್ತದೆ.

ಉಳಿದ ದಿನ ಕೋಣೆಯಲ್ಲೇ ಅಡುಗೆ. ಮೇ ಕಿಮ್ ಹೇಂಗ್ ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋದರೆ ಪರದೇಶ ಅನಿಸುವುದೇ ಇಲ್ಲ. ನುಗ್ಗೆಕಾಯಿ, ಬಾಳೆಹೂ, ಹುಣಸೆ, ತೆಂಗಿನಕಾಯಿ, ಹಲಸು, ಅಗಸೆ ಹೂವು. ಒಂದು ಮಜಾ ಏನೆಂದರೆ ಇಲ್ಲಿ ತೊಂಡೆ ಸೊಪ್ಪನ್ನು ಕಂತೆ ಕಟ್ಟಿ ಮಾರುತ್ತಾರೆ, ಸೂಪಿಗೆ ಹಾಕುತ್ತಾರೆ, ಕಾಯಿ ಮಾತ್ರ ಯಾರಿಗೂ ಬೇಡ. ಸೊಪ್ಪು ಮಾರುವ ಅಜ್ಜಿಗೆ ನನ್ನ ಮುರುಕು ಥಾಯ್‌ನಲ್ಲಿ ಕಾಯಿ ಬೇಕು ಅಂತ ಹೇಳಿದೆ. ಹಕ್ಕಿ ತಿನ್ನುವುದು ನಿನಗ್ಯಾಕೆ ಅನ್ನುವ ಹಾಗೆ ನೋಡಿದಳು. ಮುಂದಿನ ವಾರ ಒಂದು ಚೀಲ ತುಂಬ ಬೇಲಿಯಿಂದ ಕಿತ್ತು ತಂದಿದ್ದಳು, ದುಡ್ಡು ಮುಟ್ಟಲಿಲ್ಲ. ಅರ್ಧ ಹಣ್ಣಾಗಿದ್ದವು. ಪಲ್ಯ ಚೆನ್ನಾಗೇ ಆಯಿತು.

ಈಗ ಶನಿವಾರಗಳ ವಿಷಯ. ಕೋರಾಟಿನ ಎರಡನೇ ಬಸ್ ನಿಲ್ದಾಣ ನನ್ನ ಕೋಣೆಯಿಂದ ಸೋಂಗ್‌ತ್ಯಾವ್‌ನಲ್ಲಿ ಸ್ವಲ್ಪವೇ ದೂರ. ಸೋಂಗ್‌ತ್ಯಾವ್ ಅಂದರೆ ಹಿಂದೆ ಎರಡು ಬೆಂಚು ಹಾಕಿದ ಪಿಕಪ್, ಇಳಿಯಬೇಕಾದಾಗ ಗಂಟೆ ಒತ್ತಬೇಕು. ಬಸ್ ನಿಲ್ದಾಣದಲ್ಲಿ ಬೋರ್ಡು ಓದಲು ಕಷ್ಟಪಡಬೇಕಾಗಿಲ್ಲ, ಕೂಗಿ ಕರೆಯುತ್ತಾರೆ, ಥೇಟ್ ನಮ್ಮ ಮೆಜೆಸ್ಟಿಕ್ಕಿನ ಖಾಸಗಿ ಬಸ್ಸಿನ ಹುಡುಗರ ಹಾಗೆ.

ಮೊದಲು ಫಿಮಾಯ್. ಬಸ್ಸಿನಲ್ಲಿ ಒಂದೂವರೆ ಗಂಟೆ, ಸುಮಾರು 60 ಕಿಲೋಮೀಟರ್. ಈಗಿನ ಕಾಂಬೋಡಿಯಾದ ಆಂಗ್ಕೋರಿನಿಂದ ಆಳಿದ ಖಮೇರ್ ಅರಸರ ಕಾಲದ ದೇವಾಲಯ, 11ನೇ ಶತಮಾನದ ಕೊನೆ, 12ನೇ ಶತಮಾನದ್ದು. ಆಂಗ್ಕೋರಿನಿಂದ ಇಲ್ಲಿಗೆ ನೇರ ಹೆದ್ದಾರಿ ಇತ್ತು. ಖಮೇರ್ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ದಕ್ಷಿಣಕ್ಕೆ, ಆಂಗ್ಕೋರ್ ಇರುವ ದಿಕ್ಕಿಗೆ ಮುಖ ಮಾಡಿದೆ. ಒಳಗೆ ಬುದ್ಧ, ಹೊರಗಿನ ಕಲ್ಲುಗಳಲ್ಲಿ ರಾಮಾಯಣ. ನಾಗಪಾಶದಲ್ಲಿ ಸಿಕ್ಕಿಬಿದ್ದ ರಾಮಲಕ್ಷ್ಮಣರನ್ನು ಗುರುತಿಸಲು ನನಗೆ ಗೈಡ್ ಬೇಕಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಯುರೋಪಿನ ದಂಪತಿಗೆ ಕಥೆ ಹೇಳಿದೆ. ಪಾಪ, ಇಂದ್ರಜಿತುವಿನ ವಂಶಾವಳಿಯೂ ಕೇಳಬೇಕಾಯಿತು ಅವರಿಗೆ. ಆಂಗ್ಕೋರಿನ ಅರಸ ಏಳನೇ ಜಯವರ್ಮನದು ಅಂತ ಹೇಳುವ ಮೂಲ ಪ್ರತಿಮೆ ಊರಿನ ಮ್ಯೂಸಿಯಮ್ಮಿನಲ್ಲಿದೆ, ಗುಡಿಯ ಆವರಣದಲ್ಲಿರುವುದು ನಕಲು. ಎರಡನ್ನೂ ನೋಡಿ, ಮೂಲದ ಮುಖವೇ ಬೇರೆ. ಅಲ್ಲಿಂದ ಎರಡು ಕಿಲೋಮೀಟರ್ ನಡೆದರೆ ಮೂನ್ ನದಿಯ ಹತ್ತಿರ ಸಾಯ್ ಙಾಮ್ ಅನ್ನುವ ದೊಡ್ಡ ಆಲದ ಮರ. ರಾಮೋಹಳ್ಳಿಯ ದೊಡ್ಡಾಲದ ಮರ ನೋಡಿದವರಿಗೆ ಹೊಸದಲ್ಲ, ಆದರೆ ಇಲ್ಲಿ ಬಿಳಲುಗಳ ನಡುವೆ ಕೂತು ನೂಡಲ್ಸ್ ತಿನ್ನಬಹುದು. ಮಂಗಗಳೂ ಇಲ್ಲ.

ಫಿಮಾಯ್ ಸುಲಭ. ಫನೋಮ್ ರುಂಗ್‌ಗೆ ಹೋಗುವುದು ಒಂದು ಸಾಹಸ. ಪಕ್ಕದ ಬುರಿರಾಮ್ ಪ್ರಾಂತ್ಯದಲ್ಲಿ, ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲಿರುವ ಶಿವನ ಗುಡಿ. ಸುರಿನ್ ಕಡೆ ಹೋಗುವ ಬಸ್ ಹತ್ತಿ, ನಾಂಗ್ ರೋಂಗ್ ದಾಟಿ, ಬಾನ್ ತಾಕೋ ಅನ್ನುವ ಕೂಡುರಸ್ತೆಯಲ್ಲಿ ಇಳಿಯಬೇಕು. ಕಂಡಕ್ಟರಮ್ಮನಿಗೆ ಮೊದಲೇ ಹೇಳಿಟ್ಟರೆ ಆಕೆ ಮರೆಯುವುದಿಲ್ಲ, ನಿದ್ದೆ ಮಾಡುತ್ತಿದ್ದರೆ ತೋಳು ತಟ್ಟಿ ಎಬ್ಬಿಸುತ್ತಾಳೆ. ಅಲ್ಲಿಂದ ಬೈಕ್ ಟ್ಯಾಕ್ಸಿ, ಸುಮಾರು ಹನ್ನೆರಡು ಕಿಲೋಮೀಟರ್. ಬೈಕಿನವರ ಜೊತೆ ಹೋಗಿ ಬರುವುದಕ್ಕೆ, ಕಾಯುವುದಕ್ಕೆ, ಕೆಳಗಿರುವ ಮುವಾಂಗ್ ತಾಮ್ ಗುಡಿಗೂ ಸೇರಿಸಿ ಮೊದಲೇ ರೇಟು ಮಾತಾಡಿಕೊಳ್ಳಿ. ಬೆಟ್ಟದ ಮೇಲೆ ಹೋದ ಮೇಲೆ ಚೌಕಾಸಿಗೆ ಬೆಲೆ ಇಲ್ಲ.

ಮೇಲೆ ಹೋದರೆ ಮೊದಲು ಕಾಣುವುದು ಕಲ್ಲು ಹಾಸಿದ ಉದ್ದನೆಯ ದಾರಿ. 160 ಮೀಟರ್, ಎರಡೂ ಬದಿಗೆ, ತುದಿಯಲ್ಲಿ ತಾವರೆ ಮೊಗ್ಗಿರುವ ಕಂಬಗಳು. ಆಮೇಲೆ ಐದು ಹೆಡೆಯ ನಾಗಗಳ ಸೇತುವೆ. ಆಮೇಲೆ ಕಡಿದಾದ ಮೆಟ್ಟಿಲು. ಒಳಗೆ ನಂದಿ ಕೂತಿದ್ದಾನೆ, ಗರ್ಭಗುಡಿಯ ಕಡೆ ಮುಖ ಮಾಡಿ, ನಮ್ಮಲ್ಲಿ ಎಲ್ಲಿ ಕೂರಬೇಕೋ ಅಲ್ಲೇ. ಅಭಿಷೇಕದ ನೀರು ಹೊರಗೆ ಹೋಗುವ ಕಲ್ಲಿನ ಸೋಮಸೂತ್ರವೂ ಇದೆ. ಪೂಜೆ ಇಲ್ಲ. ಚಪ್ಪಲಿ ಹಾಕಿಕೊಂಡೇ ಎಲ್ಲರೂ ಓಡಾಡುತ್ತಾರೆ. ನಾನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ, ಕಾವಲಿನವನು ಕಳೆದುಹೋಗುತ್ತದೆ ಹಾಕ್ಕೊಳ್ಳಿ ಅಂತ ಸನ್ನೆ ಮಾಡಿದ. ಹೊರಗೆ ಬಂದು ಪೂರ್ವದ ಬಾಗಿಲ ಮೇಲೆ ನೋಡಿದರೆ ಹತ್ತು ಕೈಯ ನಟರಾಜ. ಅವನ ಕೆಳಗೆ ತೊಲೆಗಲ್ಲಿನಲ್ಲಿ ಅನಂತಶಯನ.

ಈ ಅನಂತಶಯನನ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. 1960ರ ದಶಕದಲ್ಲಿ ಆ ಕಲ್ಲು ಕಳುವಾಯಿತು. ಆಮೇಲೆ ನೋಡಿದರೆ ಅದು ಅಮೆರಿಕದಲ್ಲಿ, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಪ್ರದರ್ಶನಕ್ಕಿತ್ತು. ಥಾಯ್ ಜನ ವರ್ಷಗಟ್ಟಲೆ ಕೇಳಿದರು, ಗಲಾಟೆ ಮಾಡಿದರು, 1988ರಲ್ಲಿ ಕಲ್ಲು ವಾಪಸ್ ಬಂತು, ಇದ್ದ ಜಾಗದಲ್ಲೇ ಕೂರಿಸಿದರು. ನಮ್ಮ ಕಡೆ ಹಳ್ಳಿ ಗುಡಿಗಳಿಂದ ಹೋದ ವಿಗ್ರಹಗಳಿಗೆ ಲೆಕ್ಕವೇ ಇಲ್ಲವಲ್ಲ ಅಂತ ಹೊಟ್ಟೆಕಿಚ್ಚಾಯಿತು.

ಈ ಗುಡಿಗೆ ಹದಿನೈದು ಬಾಗಿಲುಗಳು ಒಂದೇ ಸಾಲಿನಲ್ಲಿವೆ. ಏಪ್ರಿಲ್ ಮೊದಲ ವಾರದಲ್ಲಿ ಮತ್ತು ಸೆಪ್ಟೆಂಬರಿನಲ್ಲಿ ಕೆಲವು ದಿನ ಹುಟ್ಟುವ ಸೂರ್ಯ ಹದಿನೈದೂ ಬಾಗಿಲನ್ನು ತೂರಿ ಆಚೆ ಬರುತ್ತಾನೆ. ಮಾರ್ಚ್ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಮುಳುಗುವ ಸೂರ್ಯ. ಬೆಂಗಳೂರಿನಲ್ಲಿ ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ನೂಕುನುಗ್ಗಲಲ್ಲಿ ನಿಂತವರಿಗೆ ಇದರ ಹುಚ್ಚು ಅರ್ಥವಾಗುತ್ತದೆ. ಗಣಿತದವರಿಗೆ ಇನ್ನೂ ಜಾಸ್ತಿ. ಗುಡಿ ಸರಿಯಾಗಿ ಪೂರ್ವಕ್ಕಿದ್ದಿದ್ದರೆ ಇದು ಹಗಲು ರಾತ್ರಿ ಸಮ ಇರುವ ವಿಷುವದ ದಿನ ಆಗಬೇಕಿತ್ತು, ಅಂದರೆ ಮಾರ್ಚ್ 20ರ ಸುಮಾರಿಗೆ. ಏಪ್ರಿಲಿಗೆ ಹೋಗಿದೆ ಅಂದರೆ ಗುಡಿಯ ಅಕ್ಷ ಸ್ವಲ್ಪ ಉತ್ತರಕ್ಕೆ ವಾಲಿದೆ. ಎಷ್ಟು ಡಿಗ್ರಿ ಅಂತ ಕಂಡುಹಿಡಿಯುವ ಲೆಕ್ಕವನ್ನು ಸೋಮವಾರ ಕ್ಲಾಸಿಗೆ ಕೊಟ್ಟೆ. ಬೀರ್ ಫೋನ್ ತೆಗೆದು, ಮೇಲಿನಿಂದ ಕಾಣುವ ನಕ್ಷೆಯ ಮೇಲೆ ಕೋನಮಾಪಕ ಇಟ್ಟು ಅಳೆದುಬಿಟ್ಟ. ಸೂತ್ರ ಇಲ್ಲ ಏನಿಲ್ಲ. ಪೂರ್ತಿ ಅಂಕ ಕೊಟ್ಟೆ.

ವಾಪಸ್ ಬರುವ ಬಸ್ಸಿಗೆ ರಸ್ತೆ ಬದಿಯಲ್ಲಿ ಕೈ ಅಡ್ಡ ಹಾಕಬೇಕು. ಮಧ್ಯಾಹ್ನ ನಾಲ್ಕರೊಳಗೆ ಕೂಡುರಸ್ತೆಗೆ ಬಂದುಬಿಡುವುದು ಕ್ಷೇಮ.

ಮೂರನೆಯದು ಪಾಕ್ ಥೋಂಗ್ ಚಾಯ್. ಇದು ಪ್ರವಾಸಿಗಳಿಗೆ ದೊಡ್ಡ ಜಾಗ ಏನಲ್ಲ, ನನಗೆ ಮಾತ್ರ ದೊಡ್ಡದು. ನಾನು ಶಿಡ್ಲಘಟ್ಟದ ಕಡೆಯವಳು. ಮನೆಯಲ್ಲಿ ರೇಷ್ಮೆ ಹುಳು ಮೇಯಿಸುತ್ತಿದ್ದರು. ಸೊಪ್ಪು ಮೇಯುವ ಹುಳುಗಳ ಸರಸರ ಸದ್ದು ಕೇಳಿಕೊಂಡೇ ನಾನು ಮಗ್ಗಿ ಕಲಿತದ್ದು. ಕೋರಾಟಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರಿನಲ್ಲಿರುವ ಈ ತಾಲ್ಲೂಕು ಥಾಯ್ ರೇಷ್ಮೆಗೆ ಹೆಸರಾದದ್ದು. ಇಲ್ಲಿ ಗೂಡು ಕಟ್ಟಿಸಲು ಬಿದಿರಿನ ದುಂಡನೆಯ ತಟ್ಟೆ, ಒಳಗೆ ಸುರುಳಿ ಸುತ್ತಿದ ಪಟ್ಟಿ. ಅದನ್ನು ನೋಡಿ ನಿಂತುಬಿಟ್ಟೆ. ಅದು ನಮ್ಮ ಚಂದ್ರಿಕೆಯೇ. ನಮ್ಮದು ಉದ್ದನೆಯ ಚಾಪೆ, ಅವರದು ದುಂಡು, ಅಷ್ಟೇ ವ್ಯತ್ಯಾಸ. ಗೂಡಿನ ಬಣ್ಣವೂ ಅದೇ ಹಳದಿ, ಬಿಳಿ ಗೂಡಿನ ಬೈವೋಲ್ಟೀನ್ ತಳಿ ಬರುವ ಮೊದಲು ನಮ್ಮ ಮನೆ ತುಂಬ ಇದ್ದ ಹಾಗೆ. ಒಬ್ಬ ಹೆಂಗಸು ಮಡಕೆಯಲ್ಲಿ ನೀರು ಕಾಯಿಸಿ, ಗೂಡು ಹಾಕಿ, ಕೈಯಿಂದಲೇ ನೂಲು ಎಳೆಯುತ್ತಿದ್ದಳು. ಕೈ ನಿಲ್ಲಿಸದೆಯೇ ಬೆಂದ ಹುಳುವನ್ನು ಒಂದೊಂದಾಗಿ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಕಡ್ಲೆಪುರಿ ತಿಂದ ಹಾಗೆ. ನನಗೂ ಒಂದು ಕೊಟ್ಟಳು.

ತಿನ್ನಲಿಲ್ಲ. ಶಿಡ್ಲಘಟ್ಟದ ರೀಲಿಂಗ್ ಯೂನಿಟ್ಟುಗಳ ಪಕ್ಕ ಬೆಳೆದವರಿಗೆ ಆ ವಾಸನೆ ಗೊತ್ತು. ಅಲ್ಲಿ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳು, ಮೀನಿನ ಆಹಾರಕ್ಕೆ, ಕೋಳಿ ಆಹಾರಕ್ಕೆ ಮೂಟೆಯಲ್ಲಿ ಹೋಗುತ್ತದೆ, ಚರಂಡಿ ನಾರುತ್ತದೆ. ಇಲ್ಲಿ ಅದನ್ನೇ ರಾತ್ರಿ ಸಂತೆಯಲ್ಲಿ ನಿಂಬೆಹುಲ್ಲು ಹಾಕಿ ಹುರಿದು, ಮೇಲೆ ಸೋಯಾ ಸಾಸ್ ಚಿಮುಕಿಸಿ ಕೊಡುತ್ತಾರೆ. ನಮ್ಮ ಶಾಲೆಯ ಮಕ್ಕಳಿಗೆ ಅದು ಕುರುಕಲು ತಿಂಡಿ. ಅಪ್ಪನಿಗೆ ವಿಡಿಯೋ ಕಳಿಸಿದೆ. ಹುಳು ತಿನ್ನುವ ವಿಷಯಕ್ಕೆ ಅವರು ಏನೂ ಅನ್ನಲಿಲ್ಲ. ಗೂಡಿಗೆ ಅಲ್ಲಿ ಕಿಲೋಗೆ ಎಷ್ಟು ಬೀಳುತ್ತದೆ ಕೇಳು ಅಂದರು.

ಖಾವ್ ಯಾಯ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. 1962ರಲ್ಲಿ ಆದ ಥಾಯ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ. ರೈಲಿನಲ್ಲಿ ಪಾಕ್ ಚೋಂಗ್‌ಗೆ ಹೋಗಿ ಅಲ್ಲಿಂದ ಸೋಂಗ್‌ತ್ಯಾವ್. ಬೆಳಿಗ್ಗೆ ಗಿಬ್ಬನ್‌ಗಳ ಕೂಗು ಕೇಳಬೇಕು, ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಕೇಳಬೇಕು. ಮಳೆಗಾಲದಲ್ಲಿ ಹೋದರೆ ಮಲೆನಾಡಿನವರಿಗೆ ಇಂಬಳಗಳ ಆತ್ಮೀಯ ಸ್ವಾಗತ ಇದೆ. ಕೋರಾಟಿನ ಮಧ್ಯೆ ಹರಿಯುವ ಲಾಮ್ ತಾಖೋಂಗ್ ಹುಟ್ಟುವುದು ಆ ಕಾಡಿನಲ್ಲೇ. ಅದನ್ನು ನೋಡಿ ಬಂದ ಮೇಲೆ 400 ಬಾತಿನ ಸಿಟ್ಟು ಸ್ವಲ್ಪ ಇಳಿಯಿತು.

ಬ್ಯಾಂಕಾಕಿಗೆ ಹೋಗುವುದು ಸಾಮಾನಿಗೆ. ಭಾರತೀಯರ ಅಂಗಡಿಗಳಿರುವ ಪಹುರಾಟ್‌ನಲ್ಲಿ ತೊಗರಿಬೇಳೆ, ಹಿಂಗು, ಕರಿಬೇವು ಸಿಗುತ್ತವೆ. ಸಿಲೋಮ್ ರಸ್ತೆಯ ಮಾರಿಯಮ್ಮನ ಗುಡಿಯಲ್ಲಿ ಭಕ್ತರಲ್ಲಿ ಹೆಚ್ಚಿನವರು ಥಾಯ್ ಜನರೇ, ನಮಗಿಂತ ಶ್ರದ್ಧೆಯಿಂದ ಗಣಪತಿಗೆ ಹೂ ಹಾಕುತ್ತಾರೆ. ಮೂರನೇ ದರ್ಜೆ ರೈಲು ನಿಧಾನ, ಆದರೆ ಕಿಟಕಿ ತೆಗೆದಿರುತ್ತದೆ, ಪ್ರತಿ ಸ್ಟೇಷನ್ನಿನಲ್ಲೂ ಯಾರಾದರೂ ಬುಟ್ಟಿ ಹಿಡಿದು ಹತ್ತುತ್ತಾರೆ. ನನಗೆ ಅದೇ ಇಷ್ಟ.

ಜೂನ್ ತಿಂಗಳಿನ ಒಂದು ಗುರುವಾರದ ಬಗ್ಗೆ ಬರೆಯದೆ ಇದು ಮುಗಿಯುವುದಿಲ್ಲ. ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ತಿಂಗಳಾಗುವ ಹೊತ್ತಿಗೆ ವಾಯ್ ಖ್ರೂ, ಗುರುವಂದನೆಯ ದಿನ. ಇವರಿಗೂ ಗುರುಗಳ ವಾರ ಗುರುವಾರವೇ. ಹಿಂದಿನ ದಿನ ಪಾಠ ಇಲ್ಲ, ಮಕ್ಕಳೆಲ್ಲ ಬಾಳೆಎಲೆ ಹೂವು ಹರಡಿಕೊಂಡು ತಟ್ಟೆ ಕಟ್ಟುತ್ತಾರೆ. ಅದರಲ್ಲಿ ನಾಲ್ಕು ವಸ್ತು ಇರಬೇಕಂತೆ. ಗರಿಕೆ, ಕೇಪಳದ ಹೂವು, ಬದನೆ ಹೂವು, ಅರಳು. ಗರಿಕೆ ತುಳಿದರೂ ಮತ್ತೆ ಹಬ್ಬುತ್ತದೆ, ಕೇಪಳದ ಮೊಗ್ಗು ಸೂಜಿಯ ಹಾಗೆ ಚೂಪು, ಬದನೆ ಹೂವು ಕಾಯಿ ಬಿಡುವಾಗ ತಲೆ ಬಾಗಿಸುತ್ತದೆ, ಅರಳು ಪಾತ್ರೆಯೊಳಗೇ ಇದ್ದುಕೊಂಡು ಅರಳುತ್ತದೆ. ಇಷ್ಟನ್ನೂ ನನಗೆ ವಿವರಿಸಿದ್ದು ಮಿಂಟ್, ಒಂದು ಕೈಯಲ್ಲಿ ಗೋಂದಿನ ಟ್ಯೂಬ್ ಹಿಡಿದುಕೊಂಡು.

ಟೀಚರುಗಳನ್ನು ವೇದಿಕೆಯ ಮೇಲೆ ಸಾಲಾಗಿ ಕೂರಿಸುತ್ತಾರೆ. ನೇಟಿವ್, ನಾನ್ ನೇಟಿವ್, ಥಾಯ್, ಫಿಲಿಪಿನೋ, ಎಲ್ಲ ಒಂದೇ ಸಾಲು, ಒಂದೇ ಥರದ ಕುರ್ಚಿ. ಮಕ್ಕಳು ಮಂಡಿಯಲ್ಲಿ ತೆವಳಿಕೊಂಡು ಬಂದು ತಟ್ಟೆ ಕೊಟ್ಟು ನೆಲಕ್ಕೆ ತಲೆ ತಾಗಿಸುತ್ತಾರೆ. ನನ್ನ ಪಕ್ಕದ ಅಮೆರಿಕದ ಹುಡುಗ ಮುಜುಗರದಿಂದ ಕುರ್ಚಿಯಲ್ಲೇ ಮುದುರಿಕೊಂಡ. ನನಗೆ ಮುಜುಗರ ಆಗಲಿಲ್ಲ. ನಮ್ಮೂರಿನಲ್ಲಿ ಮೇಷ್ಟ್ರ ಕಾಲಿಗೆ ಬಿದ್ದೇ ಹಾಲ್ ಟಿಕೆಟ್ ತೆಗೆದುಕೊಂಡವಳು ನಾನು. ತೆಗೆದುಕೊಳ್ಳುವ ಕಡೆ ಕೂತದ್ದು ಮಾತ್ರ ಮೊದಲ ಸಲ. ಬೀರ್ ನನ್ನ ಮುಂದೆ ತಲೆ ಬಾಗಿಸಿದಾಗ ಗಂಭೀರವಾಗಿದ್ದ, ಎದ್ದು ಹೋಗುವಾಗ ಮೆಲ್ಲಗೆ 'ಟೀಚಾ, ನಾಳೆ ಟೆಸ್ಟ್ ಬೇಡ' ಅಂದ. ಟೆಸ್ಟ್ ಇತ್ತು.

ಈಗ ಕೆಲಸಕ್ಕೆ ಬರಬೇಕು ಅಂತ ಕೇಳುವವರಿಗೆ ನಾಲ್ಕು ಮಾತು. ಸುಮ್ನೆ ಟೂರಿಸ್ಟ್ ಆಗಿ ಬಂದು ಇಲ್ಲೇ ಕೆಲಸ ಶುರು ಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಪಾಠ ಮಾಡಲು ನಾನ್ ಇಮಿಗ್ರಂಟ್ ಬಿ ವೀಸಾ ಮತ್ತು ವರ್ಕ್ ಪರ್ಮಿಟ್ ಎರಡೂ ಬೇಕು. ಬಿ.ಎಡ್. ಇದ್ದರೆ ತುಂಬಾ ಅನುಕೂಲ. ಇಲ್ಲದಿದ್ದರೆ ಇಲ್ಲಿನ ಶಿಕ್ಷಕರ ಮಂಡಳಿ, ಖುರುಸಪಾ, ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಡುತ್ತದೆ, ಅದಕ್ಕೆ ಶಾಲೆ ಅರ್ಜಿ ಹಾಕಬೇಕು. ಡಿಗ್ರಿ ಸರ್ಟಿಫಿಕೇಟಿನ ದೃಢೀಕರಣ, ಪೊಲೀಸ್ ಕ್ಲಿಯರೆನ್ಸ್ ಎಲ್ಲ ಊರಿನಲ್ಲಿರುವಾಗಲೇ ಮಾಡಿಸಿಕೊಳ್ಳಿ, ಇಲ್ಲಿಂದ ಮಾಡಿಸುವುದು ನರಕ. 90 ದಿನಕ್ಕೊಮ್ಮೆ ಇಮಿಗ್ರೇಷನ್ನಿಗೆ ವಿಳಾಸ ವರದಿ ಮಾಡಬೇಕು, ಆನ್‌ಲೈನಿನಲ್ಲೂ ಆಗುತ್ತದೆ. ಸಂಬಳ ಹನ್ನೆರಡು ತಿಂಗಳಿಗೋ ಹತ್ತು ತಿಂಗಳಿಗೋ ಅಂತ ಸಹಿ ಹಾಕುವ ಮೊದಲೇ ಕೇಳಿ. ಏಜೆನ್ಸಿಯ ಮೂಲಕ ಬಂದವರಲ್ಲಿ ಏಪ್ರಿಲ್ ರಜೆಯಲ್ಲಿ ಬರಿಗೈಯಲ್ಲಿ ಕೂತವರನ್ನು ನೋಡಿದ್ದೇನೆ. ಒಣಮೆಣಸಿನಕಾಯಿ, ಹುಣಸೆಹಣ್ಣು ಹೊತ್ತು ತರಬೇಡಿ, ಇಲ್ಲಿ ಬೇಕಾದಷ್ಟಿದೆ. ಪ್ರೆಶರ್ ಕುಕ್ಕರ್ ತನ್ನಿ, ಜೊತೆಗೆ ಒಂದು ಗ್ಯಾಸ್ಕೆಟ್ ಜಾಸ್ತಿ.